ಕಾಲೇಜಿನಲ್ಲಿ ಜರ್ಮನ್ ಕಡ್ಡಾಯವೇ? ಕಾಸರಗೋಡಿನ ಕನ್ನಡ ಮಾಧ್ಯಮದವರು ಹಿಡಿಯಬಹುದಾದ ದಾರಿ

ಅಡ್ಮಿಶನ್ ಹೊತ್ತಿನಲ್ಲಿ ಯಾರೂ ಗಮನಿಸದ ಒಂದು ಸಾಲು ತರಗತಿ ಸುರುವಾದ ಮೇಲೆ ಟೈಮ್ ಟೇಬಲಿನಲ್ಲಿ ಎದ್ದು ಕಾಣುತ್ತದೆ: ವಿದೇಶಿ ಭಾಷೆ, ವಾರಕ್ಕೆ ಮೂರೋ ನಾಲ್ಕೋ ಗಂಟೆ, ಪಾಸಾಗಲೇಬೇಕು. ಕುಂಬಳೆ, ಬದಿಯಡ್ಕ, ಪೈವಳಿಕೆ, ಮುಳ್ಳೇರಿಯ ಕಡೆಯಿಂದ ಹತ್ತನೇವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತು ಬಂದವರಿಗೆ ಇದು ಎರಡು ಪಟ್ಟು ಭಾರ. ಜರ್ಮನ್ ಪಾಠವನ್ನು ಇಂಗ್ಲಿಷಿನಲ್ಲಿ ಹೇಳುತ್ತಾರೆ. ಇಂಗ್ಲಿಷ್ ತಲೆಗೆ ಹೋಗದಿದ್ದರೆ ಮಲಯಾಳದಲ್ಲಿ ಬಿಡಿಸುತ್ತಾರೆ. ಕನ್ನಡದ ಹುಡುಗ ಹುಡುಗಿಯರು ಎರಡು ಸೇತುವೆ ದಾಟಿ ಮೂರನೆಯ ದಡಕ್ಕೆ ಹೋಗಬೇಕು.

ಆ ಎರಡು ಸೇತುವೆಗಳ ಅಗತ್ಯವೇ ಇಲ್ಲ. ಜರ್ಮನ್ನಿನ ವ್ಯಾಕರಣದಲ್ಲಿ ಇಂಗ್ಲಿಷ್ ಬಲ್ಲವರನ್ನು ಸತಾಯಿಸುವ ಅರ್ಧದಷ್ಟು ಸಂಗತಿಗಳು ಕನ್ನಡದಲ್ಲಿ ಮೊದಲೇ ಉಂಟು: ವಿಭಕ್ತಿ, ಕೊನೆಗೆ ಬರುವ ಕ್ರಿಯಾಪದ, ಸಮಾಸ, ಹ್ರಸ್ವ ದೀರ್ಘ, ನೀನು ನೀವು. ಈ ಲೇಖನ ಹೇಳುವುದು ಇದನ್ನೇ: ಜರ್ಮನ್ನನ್ನು ನೇರ ಕನ್ನಡದಿಂದ ಹಿಡಿಯಿರಿ, ಕನ್ನಡ ಕೈಕೊಡುವ ಜಾಗ ಯಾವುದೆಂದು ಮೊದಲೇ ತಿಳಿದಿಟ್ಟುಕೊಳ್ಳಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ಪಕ್ಕದ ಮನೆಯಲ್ಲಿ ಬ್ಯಾರಿ ಅಥವಾ ಕೊಂಕಣಿ ಎಂದು ಬೆಳೆದವರಿಗೆ ಭಾಷೆ ಬದಲಿಸುವ ಕಸರತ್ತು ಹೊಸತೇನಲ್ಲ.

(ಜರ್ಮನ್ ಪದಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಉಚ್ಚಾರಕ್ಕೆ ಹತ್ತಿರವಾಗಿ ಬರೆದಿದೆ. ಸ್ಪೆಲ್ಲಿಂಗನ್ನು ನಿಮ್ಮ ಪಠ್ಯಪುಸ್ತಕದಿಂದಲೇ ಕಲಿಯಬೇಕು.)

ಮೊದಲು: ಎಷ್ಟು ಕಲಿಯಬೇಕೆಂದು ಅಳತೆ ಹಾಕಿ

ಸಿಲಬಸ್ ಕೈಗೆ ಬಂದ ದಿನವೇ ಎರಡು ವಿಷಯ ನೋಡಿ. ಒಂದು, ಯಾವ ಮಟ್ಟ. ಯುರೋಪಿನ ಭಾಷೆಗಳಿಗೆ ಎ1, ಎ2, ಬಿ1, ಬಿ2, ಸಿ1, ಸಿ2 ಎಂದು ಆರು ಮೆಟ್ಟಿಲು. ಕಾಲೇಜಿನ ಒಂದು ಅಥವಾ ಎರಡು ಸೆಮಿಸ್ಟರ್ ಪಾಠ ಬಹುತೇಕ ಎ1ರ ಒಳಗೇ ಮುಗಿಯುತ್ತದೆ. ಜರ್ಮನ್ ಕಲಿಸುವ ಗಯಟೆ ಸಂಸ್ಥೆಯ (ನಮ್ಮಲ್ಲಿ ಮ್ಯಾಕ್ಸ್ ಮುಲ್ಲರ್ ಭವನ ಎಂದೇ ಹೆಸರು) ಎ1 ಪದಪಟ್ಟಿಯಲ್ಲಿ ಇರುವುದು ಸುಮಾರು 650 ಪದ. ಆ ಪಟ್ಟಿ ಅವರ ವೆಬ್‌ಸೈಟಿನಲ್ಲಿ ಉಚಿತ. ಸೆಮಿಸ್ಟರಿಗೆ 16 ವಾರ ಎಂದು ಹಿಡಿದರೆ ದಿನಕ್ಕೆ ಆರು ಪದ. ವಾರಕ್ಕೆ ಆರು ದಿನ ಏಳು ಪದ, ಭಾನುವಾರ ಬರೀ ಪುನರಾವರ್ತನೆ ಎಂದು ಇಟ್ಟುಕೊಂಡರೂ ಸಾಕು. ಹೀಗೆ ಲೆಕ್ಕ ಹಾಕಿದಾಗ ಬೆಟ್ಟ ಗುಡ್ಡವಾಗುತ್ತದೆ.

ಎರಡು, ಅಂಕ ಎಲ್ಲಿದೆ. ಬರವಣಿಗೆ ಪರೀಕ್ಷೆ ಎಷ್ಟು, ಇಂಟರ್ನಲ್ ಎಷ್ಟು, ಮಾತಿನ ಪರೀಕ್ಷೆ ಉಂಟೋ ಇಲ್ಲವೋ, ಹಾಜರಾತಿಗೆ ಅಂಕ ಉಂಟೋ. ಹಳೆಯ ಪ್ರಶ್ನೆಪತ್ರಿಕೆ ಎರಡು ವರ್ಷದ್ದಾದರೂ ಮೊದಲ ವಾರದಲ್ಲೇ ಸಂಪಾದಿಸಿ. ಓದುವುದಕ್ಕಲ್ಲ, ಯಾವ ಬಗೆಯ ಪ್ರಶ್ನೆ ಎಂದು ಕಣ್ಣಾಡಿಸುವುದಕ್ಕೆ. ‘ಖಾಲಿ ಜಾಗ ತುಂಬಿ’ ಹೆಚ್ಚಿದ್ದರೆ ವಿಭಕ್ತಿಗೆ ಸಮಯ ಕೊಡಬೇಕು. ಪತ್ರ ಬರೆಯುವುದು ಹೆಚ್ಚಿದ್ದರೆ ವಾಕ್ಯರಚನೆಗೆ.

ಮೊದಲ ಎರಡು ವಾರ: ಕಿವಿ ಮತ್ತು ಬಾಯಿ

ಹೆಚ್ಚಿನವರು ಇಲ್ಲೇ ಎಡವುತ್ತಾರೆ, ಯಾಕೆಂದರೆ ಅಕ್ಷರಗಳು ಇಂಗ್ಲಿಷಿನ ಹಾಗೆಯೇ ಕಾಣುತ್ತವೆ. ಕಂಡದ್ದನ್ನು ಇಂಗ್ಲಿಷಿನಂತೆ ಓದಿಬಿಡುತ್ತಾರೆ. ಜರ್ಮನ್ ಓದುವುದು ಕನ್ನಡ ಓದಿದ ಹಾಗೆ: ನಿಯಮ ಗೊತ್ತಾದರೆ ಹೊಸ ಪದವನ್ನೂ ತಪ್ಪಿಲ್ಲದೆ ಓದಬಹುದು. ನಿಯಮಗಳೂ ಹೆಚ್ಚಿಲ್ಲ. ಡಬ್ಲ್ಯೂ ಎಂದರೆ ‘ವ’. ವಿ ಎಂದರೆ ಸಾಮಾನ್ಯವಾಗಿ ‘ಫ’. ಜೆ ಎಂದರೆ ‘ಯ’. ಝೆಡ್ ಎಂದರೆ ‘ಟ್ಸ’. ಪದದ ಮೊದಲು ಎಸ್ ಬಂದು ಮುಂದೆ ಸ್ವರವಿದ್ದರೆ ‘ಜ಼’. ಎಸ್‌ನ ನಂತರ ಟಿ ಅಥವಾ ಪಿ ಬಂದರೆ (ಪದದ ಮೊದಲಲ್ಲಿ) ‘ಶ್ಟ’, ‘ಶ್ಪ’. ಇ ಆದಮೇಲೆ ಐ ಬಂದರೆ ‘ಐ’, ಐ ಆದಮೇಲೆ ಇ ಬಂದರೆ ‘ಈ’. ಈ ಜೋಡಿಯನ್ನು ತಿರುವುಮುರುವು ಮಾಡದವರು ಅಪರೂಪ. ಇನ್ನೊಂದು, ಪದದ ಕೊನೆಯ ಬಿ, ಡಿ, ಜಿ ಗಟ್ಟಿಯಾಗಿ ಪ, ಟ, ಕ ಆಗುತ್ತವೆ. ದಿನ ಎಂಬರ್ಥದ ಪದವನ್ನು ಬರೆಯುವುದು ಜಿ ಹಾಕಿ, ಓದುವುದು ‘ಟಾಕ್’.

ಸಿ ಮತ್ತು ಎಚ್ ಜತೆಯಾದಾಗ ಎರಡು ಉಚ್ಚಾರ. ‘ನಾನು’ ಎಂಬ ಪದದಲ್ಲಿ ನಾಲಗೆ ಮುಂದಕ್ಕೆ, ಮೆಲ್ಲಗೆ ಗಾಳಿ ಬಿಟ್ಟ ಹಾಗೆ, ‘ಇಷ್’ಗೆ ಹತ್ತಿರ. ಆ, ಓ, ಉ ಸ್ವರಗಳ ನಂತರ ಬಂದರೆ ಗಂಟಲಿನಿಂದ ‘ಖ಼’. ಮದ್ರಸದಲ್ಲಿ ಅರಬಿ ಓದಿದ ಸಹಪಾಠಿ ಇದ್ದರೆ ಅವರಿಂದ ಕಲಿಯಿರಿ. ಈ ಧ್ವನಿ ಅವರ ನಾಲಗೆಯ ಮೇಲೆ ಕೂತಿರುತ್ತದೆ.

ಮೇಲೆ ಎರಡು ಚುಕ್ಕೆ ಇರುವ ಯು ಕಷ್ಟದ್ದು. ‘ಈ’ ಎನ್ನುತ್ತಾ ನಾಲಗೆ ಕದಲಿಸದೆ ತುಟಿಯನ್ನು ಮಾತ್ರ ‘ಊ’ಗೆ ಗುಂಡಾಗಿಸಿ, ಬರುವ ಧ್ವನಿಯೇ ಅದು. ತುಳುವಿನ ಅರೆ ಉಕಾರ, ಮಲಯಾಳದ ಸಂವೃತ ಉಕಾರ ಇದೇ ಎಂದು ಹಲವರು ಭಾವಿಸುತ್ತಾರೆ. ಅಲ್ಲ. ಅವುಗಳಲ್ಲಿ ತುಟಿ ಅಗಲ, ಇದರಲ್ಲಿ ತುಟಿ ಗುಂಡು. ಚುಕ್ಕೆಯ ಓಗೆ ‘ಏ’ ಎನ್ನುತ್ತಾ ತುಟಿ ಗುಂಡಾಗಿಸಿ. ಚುಕ್ಕೆ ಮರೆತರೆ ಪದವೇ ಬೇರೆಯಾಗುತ್ತದೆ: ಚುಕ್ಕೆ ಇಲ್ಲದ ‘ಶೋನ್’ ಅಂದರೆ ಆಗಲೇ, ಚುಕ್ಕೆ ಇದ್ದರೆ ಸುಂದರ. ಕನ್ನಡದಲ್ಲಿ ಲ ಮತ್ತು ಳ ಅದಲುಬದಲಾದ ಹಾಗೆ. ಮೊಬೈಲಿನಲ್ಲಿ ಆ ಅಕ್ಷರವನ್ನು ಒತ್ತಿ ಹಿಡಿದರೆ ಚುಕ್ಕೆಯದ್ದು ಕಾಣಿಸುತ್ತದೆ. ಪೂರ್ಣ ಕೀಬೋರ್ಡ್ ಇರುವ ವಿಂಡೋಸ್ ಕಂಪ್ಯೂಟರಿನಲ್ಲಿ ಆಲ್ಟ್ ಒತ್ತಿ ಹಿಡಿದು ಬಲಗಡೆಯ ಅಂಕೆಗಳಲ್ಲಿ 0228 ಹೊಡೆದರೆ ಚುಕ್ಕೆಯ ಎ, 0246 ಚುಕ್ಕೆಯ ಓ, 0252 ಚುಕ್ಕೆಯ ಯು. ಯಾವುದೂ ಆಗದಿದ್ದರೆ ಆ ಅಕ್ಷರದ ನಂತರ ಒಂದು ಇ ಸೇರಿಸಿ ಬರೆಯುವುದು ಒಪ್ಪಿತ ಕ್ರಮ.

ನಮ್ಮವರದ್ದೇ ವಿಶಿಷ್ಟ ತಪ್ಪೊಂದಿದೆ. ಜರ್ಮನ್ನಿನಲ್ಲಿ ಎರಡು ಟಿ, ಎರಡು ಎಂ ಬರೆದಿದ್ದರೆ ಅದು ಒತ್ತಕ್ಷರವಲ್ಲ. ಅದರ ಹಿಂದಿನ ಸ್ವರ ಹ್ರಸ್ವ ಎಂಬುದಕ್ಕೆ ಗುರುತು, ಅಷ್ಟೆ. ‘ದಯವಿಟ್ಟು’ ಎಂಬ ಪದ ‘ಬಿಟೆ’. ಕನ್ನಡ ಬಾಯಿ ಅದನ್ನು ‘ಬಿಟ್ಟೆ’ ಮಾಡುತ್ತದೆ. ಕೇಳಿಕೊಳ್ಳಲು ಹೋಗಿ ಬಿಟ್ಟುಕೊಟ್ಟ ಹಾಗಾಯಿತು. ‘ಕೊಮೆನ್’ ಎನ್ನಬೇಕು, ‘ಕೊಮ್ಮೆನ್’ ಅಲ್ಲ. ಆದರೆ ಹ್ರಸ್ವ ದೀರ್ಘದ ಕಿವಿ ನಮಗೆ ಹುಟ್ಟಿನಿಂದಲೇ ಉಂಟು: ‘ಶ್ಟಟ್’ ಅಂದರೆ ಪಟ್ಟಣ, ‘ಶ್ಟಾಟ್’ ಅಂದರೆ ರಾಷ್ಟ್ರ. ಅ ಮತ್ತು ಆ ಎಂದು ಬರೆದುಕೊಂಡರೆ ಮುಗಿಯಿತು.

ಅಕ್ಷರಗಳ ಹೆಸರನ್ನು ಬಾಯಿಪಾಠ ಮಾಡಲೇಬೇಕು. ಕೇಳಿ ಬರೆಯುವ ಪರೀಕ್ಷೆಯಲ್ಲಿ ಹೆಸರು, ಊರನ್ನು ಅಕ್ಷರ ಬಿಡಿಸಿ ಹೇಳುತ್ತಾರೆ. ಜರ್ಮನ್ನಿನಲ್ಲಿ ಮೊದಲ ಅಕ್ಷರದ ಹೆಸರು ‘ಆ’, ಐದನೆಯದು ‘ಏ’, ಒಂಬತ್ತನೆಯದು ‘ಈ’. ಇಂಗ್ಲಿಷಿನ ಕಿವಿಯಿಂದ ಕೇಳಿದರೆ ‘ಏ’ ಎಂದಾಗ ಮೊದಲ ಅಕ್ಷರ, ‘ಈ’ ಎಂದಾಗ ಐದನೆಯದು ಬರೆದುಹೋಗುತ್ತದೆ, ಅಂಕವೂ ಹೋಗುತ್ತದೆ. ನಿಮ್ಮೂರಿನ ಹೆಸರನ್ನೇ ದಿನಕ್ಕೆ ಹತ್ತು ಸಲ ಬಿಡಿಸಿ. ಕಾಸರಗೋಡು: ಕಾ, ಆ, ಎಸ್, ಆ, ಎರ್, ಆ, ಗೇ, ಓ, ಡೇ. ಮಂಜೇಶ್ವರದವರಿಗೆ ಒಳ್ಳೆಯ ವ್ಯಾಯಾಮ: ಎಂ, ಆ, ಎನ್, ಯೊಟ್, ಏ, ಎಸ್, ಹಾ, ವೇ, ಆ, ಎರ್. ಕಷ್ಟದ ಮೂರು ಅಕ್ಷರ ಒಂದೇ ಊರಿನಲ್ಲಿ.

ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದು ಓದುವ ಅಭ್ಯಾಸ ಈ ಎರಡು ವಾರಕ್ಕೆ ಮಾತ್ರ ಇರಲಿ. ಆಮೇಲೂ ಮುಂದುವರಿಸಿದರೆ ಕಣ್ಣು ಕನ್ನಡದ ಮೇಲೆ ನಿಂತು ಸ್ಪೆಲ್ಲಿಂಗ್ ಕೈಗೆ ಹತ್ತುವುದೇ ಇಲ್ಲ.

ಪದಗಳ ಪುಸ್ತಕ

ಉದ್ದದ ನೋಟ್‌ಬುಕ್ ಒಂದು, ಮೂರು ಬಣ್ಣದ ಪೆನ್ನು. ಜರ್ಮನ್ನಿನ ಪ್ರತಿ ನಾಮಪದಕ್ಕೂ ಲಿಂಗವಿದೆ: ಪುಲ್ಲಿಂಗಕ್ಕೆ ‘ಡೇರ್’, ಸ್ತ್ರೀಲಿಂಗಕ್ಕೆ ‘ಡೀ’, ನಪುಂಸಕಕ್ಕೆ ‘ಡಸ್’. ಮೂರು ಲಿಂಗ ನಮಗೂ ಗೊತ್ತು, ಆದರೆ ಕನ್ನಡದಲ್ಲಿ ಲಿಂಗ ಅರ್ಥವನ್ನು ಹಿಂಬಾಲಿಸುತ್ತದೆ. ಮೇಜು ನಮಗೆ ‘ಅದು’, ಅವರಿಗೆ ‘ಅವನು’. ಬಾಗಿಲು ‘ಅವಳು’. ಹುಡುಗಿ ಎಂಬ ಪದ ‘ಮೇಟ್ಷೆನ್’ ನಪುಂಸಕ! ಕಾರಣ ಅರ್ಥವಲ್ಲ, ಕೊನೆಯ ‘ಷೆನ್’ ಪ್ರತ್ಯಯ. ಅದು ಬಂದ ಪದವೆಲ್ಲ ನಪುಂಸಕ. ಹೀಗೆ ಪ್ರತ್ಯಯದಿಂದ ಹಿಡಿಯಬಹುದಾದ ಕೆಲವು: ‘ಉಂಗ್’, ‘ಹೈಟ್’, ‘ಕೈಟ್’, ‘ಶಫ್ಟ್’ ಕೊನೆಗಿದ್ದರೆ ಸ್ತ್ರೀಲಿಂಗ. ವಾರದ ದಿನ, ತಿಂಗಳು, ಋತುಗಳ ಹೆಸರು ಪುಲ್ಲಿಂಗ. ಉಳಿದದ್ದು ಬಾಯಿಪಾಠ.

ಆದ್ದರಿಂದ ಪುಟದಲ್ಲಿ ನಾಲ್ಕು ಕಂಬ ಹಾಕಿ: ಡೇರ್/ಡೀ/ಡಸ್ ಸಮೇತ ಪದ, ಅದರ ಬಹುವಚನ, ಕನ್ನಡ ಅರ್ಥ, ಪದ ಬಳಸಿದ ಒಂದು ಪುಟ್ಟ ವಾಕ್ಯ. ಪುಲ್ಲಿಂಗ ನೀಲಿ, ಸ್ತ್ರೀಲಿಂಗ ಕೆಂಪು, ನಪುಂಸಕ ಹಸಿರು. ಪದವನ್ನು ಒಂಟಿಯಾಗಿ ಕಲಿಯಲೇಬೇಡಿ. ಲಿಂಗವಿಲ್ಲದೆ ಕಲಿತ ನೂರು ಪದವನ್ನು ಮೂರನೇ ತಿಂಗಳಲ್ಲಿ ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ. ನಾಲ್ಕನೆಯ ಕಂಬ ದಂಡ ಎಂದು ಬಿಡುವವರು ಕಿಟೆಲರ ನಿಘಂಟನ್ನು ಒಮ್ಮೆ ತೆರೆದು ನೋಡಬೇಕು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಹೊರತಂದ ಆ ನಿಘಂಟಿನಲ್ಲಿ ಅರ್ಥದ ಜತೆಗೇ ಗಾದೆ, ಕಾವ್ಯದ ಬಳಕೆ ಸಿಗುತ್ತವೆ. ಅದಕ್ಕೂ ಮೊದಲು 1872ರಲ್ಲಿ ಗುಂಡರ್ಟರ ಮಲಯಾಳ ನಿಘಂಟು, 1886ರಲ್ಲಿ ಮ್ಯಾನರರ ತುಳು ನಿಘಂಟು ಬಂದಿದ್ದವು. ಮೂವರೂ ಜರ್ಮನ್ ಮನೆಮಾತಿನವರು. ನಮ್ಮ ಮೂರು ಭಾಷೆಗಳನ್ನು ಅವರು ಬಳಕೆಯಿಂದ ಹಿಡಿದರು, ನಾವು ಅವರದ್ದೊಂದನ್ನು ಹಿಡಿಯಬಾರದೆಂದಿಲ್ಲ.

ಉದ್ದುದ್ದ ಪದ ಕಂಡು ಗಾಬರಿಯಾಗಬೇಡಿ, ಅವು ಸಮಾಸ. ಹೈಸ್ಕೂಲಿನ ತತ್ಪುರುಷ ನೆನಪಿದ್ದರೆ ಸಾಕು: ಉತ್ತರಪದಕ್ಕೇ ಪ್ರಾಧಾನ್ಯ. ‘ಹೌಸ್’ (ಮನೆ) ನಪುಂಸಕ, ‘ಟ್ಯೂರ್’ (ಬಾಗಿಲು) ಸ್ತ್ರೀಲಿಂಗ. ಎರಡೂ ಸೇರಿದ ‘ಹೌಸ್‌ಟ್ಯೂರ್’ (ಮನೆಬಾಗಿಲು) ಸ್ತ್ರೀಲಿಂಗ. ಯಾವಾಗಲೂ ಹಿಂದಿನಿಂದ ಮುಂದಕ್ಕೆ ಬಿಡಿಸಿ. ಬರೆಯುವಾಗ ಎಲ್ಲ ನಾಮಪದದ ಮೊದಲ ಅಕ್ಷರ ದೊಡ್ಡದು, ವಾಕ್ಯದ ನಡುವೆ ಬಂದರೂ. ದೊಡ್ಡಕ್ಷರವೇ ಇಲ್ಲದ ಲಿಪಿಯಿಂದ ಬಂದ ನಮಗೆ ಇದು ಕೊನೆಯವರೆಗೂ ಮರೆಯುತ್ತದೆ. ಉತ್ತರಪತ್ರಿಕೆ ಕೊಡುವ ಮೊದಲು ಇದೊಂದಕ್ಕೇ ಒಮ್ಮೆ ಕಣ್ಣು ಹಾಯಿಸಿ.

ಕಾಸರಗೋಡಿನಿಂದ ಮಂಗಳೂರಿಗೆ ರೈಲಿನಲ್ಲಿ ಹೋಗಿಬರುವವರಿಗೆ ದಿನಕ್ಕೆ ಎರಡು ಗಂಟೆಯ ಹತ್ತಿರ ಸಿಗುತ್ತದೆ. ನೂಕುನುಗ್ಗಲಿನಲ್ಲಿ ನೋಟ್‌ಬುಕ್ ತೆರೆಯಲಾಗದು. ಆಂಕಿಯಂಥ ಕಾರ್ಡ್ ಆಪ್‌ನಲ್ಲಿ ಆ ದಿನದ ಏಳು ಪದ ಹಾಕಿಕೊಳ್ಳಿ, ನಿಂತೇ ತಿರುಗಿಸಬಹುದು. ಹೋಗುವಾಗ ಹಳೆಯದು, ಬರುವಾಗ ಹೊಸದು. ಕಾರ್ಡಿನ ಹಿಂದೆ ಇಂಗ್ಲಿಷ್ ಅರ್ಥ ಬರೆಯಬೇಡಿ, ಕನ್ನಡ ಬರೆಯಿರಿ. ಪ್ರಶ್ನಾಪದಗಳನ್ನೇ ನೋಡಿ: ‘ವೋ’ ಎಲ್ಲಿ, ‘ವೋಹೇರ್’ ಎಲ್ಲಿಂದ, ‘ವೋಹಿನ್’ ಎಲ್ಲಿಗೆ. ಕನ್ನಡದ ಮೂರು ಪದಕ್ಕೆ ಅವರ ಮೂರು ಪದ, ಅಚ್ಚು ಹೊಡೆದ ಹಾಗೆ. ಅದನ್ನು ಬಿಟ್ಟು ಇಂಗ್ಲಿಷಿನಿಂದ ಹೋದರೆ ‘ವೇರ್’ ಎಂದರೆ ಎಲ್ಲಿ ಎಂದುಕೊಳ್ಳುತ್ತೀರಿ, ನಿಜಕ್ಕೂ ಅದು ‘ಯಾರು’.

ವಾಕ್ಯ: ಎರಡನೇ ಸೀಟು ಮತ್ತು ಕೊನೆಯ ಸೀಟು

ಸಾಮಾನ್ಯ ವಾಕ್ಯದಲ್ಲಿ ಕ್ರಿಯಾಪದಕ್ಕೆ ಎರಡನೇ ಸೀಟು ರಿಸರ್ವ್. ಮೊದಲನೆಯದರಲ್ಲಿ ಯಾರು ಬೇಕಾದರೂ ಕೂರಲಿ. ‘ಇಷ್ ಫಾರೆ ಹೊಯ್ಟೆ ನಾಖ್ ಮಂಗಳೂರು’: ನಾನು ಇವತ್ತು ಮಂಗಳೂರಿಗೆ ಹೋಗುತ್ತೇನೆ. ‘ಇವತ್ತು’ ಮುಂದೆ ಬಂದರೆ ‘ಹೊಯ್ಟೆ ಫಾರೆ ಇಷ್ ನಾಖ್ ಮಂಗಳೂರು’. ಕರ್ತೃ ಎದ್ದು ಮೂರನೆಯದಕ್ಕೆ ಹೋಯಿತು, ಕ್ರಿಯಾಪದ ಕದಲಲಿಲ್ಲ. ‘ಹೊಯ್ಟೆ ಇಷ್ ಫಾರೆ’ ಎಂದು ಬರೆಯುವುದು ತರಗತಿಯಲ್ಲಿ ಅತಿ ಹೆಚ್ಚು ಕೆಂಪು ಗೆರೆ ಬೀಳುವ ತಪ್ಪು. ಎರಡನೆಯದು ಎಂದರೆ ಎರಡನೇ ಪದವಲ್ಲ, ಎರಡನೇ ಘಟಕ. ‘ನನ್ನ ಅಣ್ಣ ಮತ್ತು ನಾನು’ ಎಂಬ ನಾಲ್ಕು ಪದ ಸೇರಿ ಒಂದೇ ಸೀಟು.

ಹಾಗಾದರೆ ಕನ್ನಡದಂತೆ ಕೊನೆಗೆ ಬರುವುದು ಯಾವಾಗ? ಬೇಕು, ಬಹುದು, ಬಲ್ಲೆ ಎಂಬರ್ಥದ ಸಹಾಯಕ ಬಂದಾಗ ಅದು ಎರಡನೇ ಸೀಟಿಗೆ, ಮುಖ್ಯ ಕ್ರಿಯಾಪದ ಕಟ್ಟಕಡೆಗೆ: ‘ಇಷ್ ಮುಸ್ ಹೊಯ್ಟೆ ನಾಖ್ ಕಾಸರಗೋಡ್ ಫಾರೆನ್’. ಸಹಾಯಕವನ್ನು ತೆಗೆದು ಓದಿ: ನಾನು, ಇವತ್ತು, ಕಾಸರಗೋಡಿಗೆ, ಹೋಗು. ಪೂರ್ತಿ ಕನ್ನಡದ ಕ್ರಮ. ‘ವೈಲ್’ (ಯಾಕೆಂದರೆ) ಬಂದ ಉಪವಾಕ್ಯದಲ್ಲೂ ಹಾಗೆಯೇ: ‘ವೈಲ್ ಇಷ್ ಕ್ರಂಕ್ ಬಿನ್’ (ಯಾಕೆಂದರೆ ನಾನು ಹುಷಾರಿಲ್ಲದೆ ಇದ್ದೇನೆ), ಕೊನೆಯ ‘ಬಿನ್’ ಎಂದರೆ ಇದ್ದೇನೆ. ಇಂಗ್ಲಿಷ್ ಮಾಧ್ಯಮದವರು ಇಲ್ಲಿ ತಿಣುಕುವಾಗ ನೀವು ಆರಾಮವಾಗಿ ಕೂರಬಹುದು. ಕನ್ನಡದಲ್ಲಿ ಯೋಚಿಸಿ, ಸಹಾಯಕವನ್ನು ಮಾತ್ರ ಎತ್ತಿ ಮುಂದೆ ಕೂರಿಸಿ.

ಭೂತಕಾಲದಲ್ಲಿ ಎಚ್ಚರ. ತಿಂದಿದ್ದೇನೆ, ಓದಿದ್ದೇನೆ, ಹೋಗಿದ್ದೇನೆ: ನಮ್ಮಲ್ಲಿ ಎಲ್ಲದಕ್ಕೂ ‘ಇದ್ದೇನೆ’ ಸೇರುತ್ತದೆ. ಜರ್ಮನ್ನಿನಲ್ಲಿ ಹೆಚ್ಚಿನವಕ್ಕೆ ‘ಹಾಬೆ’. ಹೋಗು, ಬರು ಮುಂತಾದ ಜಾಗ ಬದಲಿಸುವ ಕ್ರಿಯೆಗಳಿಗೆ ಮತ್ತು ಕೆಲವೇ ಇತರಕ್ಕೆ ‘ಬಿನ್’. ‘ಇಷ್ ಹಾಬೆ ಗೆಗೆಸೆನ್’ ಎಂದರೆ ಊಟ ಮಾಡಿದ್ದೇನೆ. ಅಲ್ಲಿ ‘ಬಿನ್’ ಹಾಕಿದರೆ ನಿಮ್ಮನ್ನೇ ಯಾರೋ ತಿಂದು ಮುಗಿಸಿದ ಅರ್ಥ.

ವಿಭಕ್ತಿ: ವರವೂ ಹೌದು, ಉರುಳೂ ಹೌದು

ನಾಲ್ಕೇ ವಿಭಕ್ತಿ. ನೊಮಿನಾಟಿಫ್ ನಮ್ಮ ಪ್ರಥಮಾ, ಅಕುಜಾಟಿಫ್ ದ್ವಿತೀಯಾ, ಡಾಟಿಫ್ ಚತುರ್ಥಿ, ಗೆನಿಟಿಫ್ ಷಷ್ಠಿ. ಎ1ರಲ್ಲಿ ಮೊದಲ ಮೂರು ಗಟ್ಟಿಯಾದರೆ ಸಾಕು. ಪ್ರತ್ಯಯ ಪದದ ಕೊನೆಗೆ ಅಂಟುವ ಬದಲು ಪದಕ್ಕಿಂತ ಮೊದಲು ಬರುವ ‘ಡೇರ್, ಡೀ, ಡಸ್’ ರೂಪ ಬದಲಿಸುತ್ತದೆ. ದ್ವಿತೀಯೆಯಲ್ಲಿ ಪುಲ್ಲಿಂಗ ಮಾತ್ರ ಬದಲು: ಡೇರ್ ಹೋಗಿ ಡೇನ್. ಚತುರ್ಥಿಯಲ್ಲಿ ಪುಲ್ಲಿಂಗ, ನಪುಂಸಕ ಎರಡಕ್ಕೂ ಡೇಮ್, ಸ್ತ್ರೀಲಿಂಗಕ್ಕೆ ಡೇರ್.

ತಪ್ಪು ಎಲ್ಲಿ ಆಗುತ್ತದೆ? ಮಾತಿನ ಕನ್ನಡದಲ್ಲಿ ನಾವು ‘ಅನ್ನು’ ನುಂಗುತ್ತೇವೆ. ‘ಮೇಜು ತಂದೆ’ ಎನ್ನುತ್ತೇವೆ, ‘ಮೇಜನ್ನು ತಂದೆನು’ ಎನ್ನುವುದಿಲ್ಲ. ಅದೇ ಅಭ್ಯಾಸದಿಂದ ಜರ್ಮನ್ನಿನಲ್ಲೂ ‘ಡೇರ್’ ಹಾಗೆಯೇ ಉಳಿದುಬಿಡುತ್ತದೆ. ಪರಿಹಾರ: ಅಭ್ಯಾಸ ಮಾಡುವಾಗ ಕನ್ನಡ ವಾಕ್ಯವನ್ನು ಹಳೆಯ ಪಂಡಿತರ ಹಾಗೆ ಪೂರ್ತಿ ಹೇಳಿ. ‘ಅನ್ನು’ ಬಂದರೆ, ಪದ ಪುಲ್ಲಿಂಗವಾದರೆ, ‘ಡೇನ್’.

ಚತುರ್ಥಿಯಲ್ಲಿ ನಿಮಗೆ ಬೋನಸ್. ನನಗೆ ಚಳಿ: ‘ಮಿಯರ್ ಇಸ್ಟ್ ಕಲ್ಟ್’. ನನಗೆ ತಲೆ ನೋಯುತ್ತದೆ: ‘ಮಿಯರ್ ಟೂಟ್ ಡೇರ್ ಕೊಪ್ಫ್ ವೇ’. ನನಗೆ ರುಚಿಸುತ್ತದೆ: ‘ಡಸ್ ಶ್ಮೆಕ್ಟ್ ಮಿಯರ್’. ‘ಮಿಯರ್’ ಎಂದರೆ ಸಾಕ್ಷಾತ್ ‘ನನಗೆ’. ಇಂಗ್ಲಿಷಿನಿಂದ ಬಂದವರು ಚಳಿಗೆ ‘ಇಷ್ ಬಿನ್ ಕಲ್ಟ್’ ಎಂದು ಬರೆದು ತಮ್ಮದು ಕಲ್ಲುಮನಸ್ಸು ಎಂದು ಒಪ್ಪಿಕೊಳ್ಳುತ್ತಾರೆ. ಆದರೆ ಈ ‘ನನಗೆ’ ಎಲ್ಲೆಡೆ ನಡೆಯದು. ನನಗೆ ಅಣ್ಣ ಇದ್ದಾನೆ, ನನಗೆ ಹಸಿವು, ನನಗೆ ಸಮಯವಿಲ್ಲ, ಇವಕ್ಕೆಲ್ಲ ‘ಇಷ್ ಹಾಬೆ’ ಬೇಕು. ನನಗೆ ಕನ್ನಡ ಬರುತ್ತದೆ ಎಂಬುದಕ್ಕೆ ‘ಇಷ್ ಶ್ಪ್ರೆಷೆ ಕನ್ನಡ’. ಈ ನಾಲ್ಕನ್ನು ಬೇರೆ ಪುಟದಲ್ಲಿ ಬರೆದಿಡಿ.

ನಿಜವಾದ ಉರುಳು ಇರುವುದು ‘ಗೆ’ ಮತ್ತು ‘ಅಲ್ಲಿ’ಯಲ್ಲಿ. ‘ಇನ್’ ಎಂಬ ಪದದ ಜತೆ ಎರಡು ವಿಭಕ್ತಿ ಬರಬಹುದು: ಚಲನೆಯಿದ್ದರೆ ದ್ವಿತೀಯಾ, ಇರುವಿಕೆಯಾದರೆ ಚತುರ್ಥಿ. ಅಂಗಡಿಗೆ ಹೋಗುವುದು ‘ಇನ್ ಡೇನ್ ಲಾಡೆನ್’. ಅಂಗಡಿಯಲ್ಲಿ ಇರುವುದು ‘ಇಮ್ ಲಾಡೆನ್’ (ಇನ್ ಮತ್ತು ಡೇಮ್ ಸೇರಿ ಇಮ್). ನಮ್ಮ ‘ಅಂಗಡಿಗೆ’ ಚತುರ್ಥಿ, ಅವರ ‘ಅಂಗಡಿಗೆ’ ದ್ವಿತೀಯಾ. ನಮ್ಮ ಸಪ್ತಮಿ ಅವರಲ್ಲಿ ಚತುರ್ಥಿ. ಕತ್ತರಿಯ ಹಾಗೆ ಅಡ್ಡಡ್ಡ ದಾಟುತ್ತವೆ. ಕನ್ನಡದ ವಿಭಕ್ತಿಯ ಹೆಸರು ನಂಬಿ ಹೋದವರು ಇಲ್ಲಿ ನೂರಕ್ಕೆ ನೂರು ತಪ್ಪುತ್ತಾರೆ. ಆದ್ದರಿಂದ ಇಲ್ಲಿ ಹೆಸರು ಮರೆತು ಪ್ರಶ್ನೆ ಕೇಳಿ: ‘ಎಲ್ಲಿಗೆ?’ ಎಂದರೆ ಡೇನ್, ಡೀ, ಡಸ್; ‘ಎಲ್ಲಿ?’ ಎಂದರೆ ಡೇಮ್, ಡೇರ್, ಡೇಮ್. ನಮ್ಮ ಭಾಷೆಯೇ ಎಲ್ಲಿಗೆ, ಎಲ್ಲಿ ಎಂದು ಬೇರೆ ಮಾಡಿಟ್ಟಿರುವುದರಿಂದ ಪ್ರಶ್ನೆ ಮೋಸ ಮಾಡುವುದಿಲ್ಲ. ಊರಿನ ಹೆಸರಿಗೆ ಮಾತ್ರ ‘ನಾಖ್’. ಡಾಕ್ಟರರ ಹತ್ತಿರಕ್ಕೆ, ಸ್ಟೇಷನ್ನಿನ ಕಡೆಗೆ ಎಂದಾದರೆ ‘ಟ್ಸೂ’, ಅದಕ್ಕೆ ಯಾವಾಗಲೂ ಚತುರ್ಥಿ.

‘ಬಸ್ಸಿನಲ್ಲಿ ಬರುತ್ತೇನೆ’ ಎಂಬುದಕ್ಕೂ ‘ಇಮ್’ ಹಾಕಬೇಡಿ; ಬಸ್ಸಿನ ಮೂಲಕ ಎಂಬರ್ಥಕ್ಕೆ ‘ಮಿಟ್ ಡೇಮ್ ಬುಸ್’. ಇನ್ನು ಚತುರ್ಥಿಯನ್ನೇ ಹಿಡಿಯುವ ಏಳು: ಔಸ್, ಬೈ, ಮಿಟ್, ನಾಖ್, ಜೈಟ್, ಫೊನ್, ಟ್ಸೂ. ದ್ವಿತೀಯೆ ಹಿಡಿಯುವ ಐದು: ಡುರ್ಷ್, ಫ್ಯೂರ್, ಗೇಗೆನ್, ಓನೆ, ಉಮ್. ಮಗ್ಗಿಯ ಹಾಗೆ ಹೇಳಿ, ಅರ್ಥ ಆಮೇಲೆ ಬರಲಿ.

ಅಂಕೆ, ಗಂಟೆ, ಬೆಲೆ

21ರಿಂದ ಮೇಲೆ ಬಿಡಿ ಮೊದಲು, ಹತ್ತು ಆಮೇಲೆ: ‘ಐನ್‌ಉಂಟ್‌ಟ್ಸ್ವನ್‌ಟ್ಸಿಷ್’, ಒಂದು ಮತ್ತು ಇಪ್ಪತ್ತು. ಸಂಸ್ಕೃತದ ಏಕವಿಂಶತಿ, ಕೊಂಕಣಿ ಮರಾಠಿಗಳ ಏಕವೀಸ ಇದೇ ಕ್ರಮ. ಮನೆಯಲ್ಲಿ ಆ ಭಾಷೆ ಆಡುವವರಿಗೆ ಸುಲಭ. ಉಳಿದವರು ಕೇಳಿ ಬರೆಯುವಾಗ ಬಿಡಿಯನ್ನು ಬಲಗಡೆ ಬರೆದು, ಎಡಗಡೆ ಜಾಗ ಬಿಟ್ಟು, ಆಮೇಲೆ ಹತ್ತನ್ನು ತುಂಬಿ.

‘ಹಲ್ಪ್ ಅಖ್ಟ್’ ಎಂದರೆ ಎಂಟೂವರೆ ಅಲ್ಲ, ಏಳೂವರೆ: ಎಂಟಕ್ಕೆ ಅರ್ಧ ದಾರಿ. ‘ಫಿಯರ್ಟೆಲ್ ಫೋರ್ ಅಖ್ಟ್’ 7:45, ನಮ್ಮ ಮುಕ್ಕಾಲು ಲೆಕ್ಕ. ಬೆಲೆಯಲ್ಲಿ ಅಲ್ಪವಿರಾಮ ಮತ್ತು ಚುಕ್ಕೆ ಅದಲುಬದಲು: 2,50 ಎಂದರೆ ಎರಡೂವರೆ ಯೂರೊ, 1.250 ಎಂದರೆ ಸಾವಿರದ ಇನ್ನೂರೈವತ್ತು.

ಪರೀಕ್ಷೆಯ ನಾಲ್ಕು ಭಾಗ

ಹಲವು ಕಾಲೇಜುಗಳ ಪತ್ರಿಕೆ ಗಯಟೆ ಎ1 ಪರೀಕ್ಷೆಯ ಮಾದರಿಯನ್ನೇ ಹೋಲುತ್ತದೆ. ಅದರಲ್ಲಿ ಕೇಳುವುದು ಸುಮಾರು 20 ನಿಮಿಷ, ಓದುವುದು 25, ಬರೆಯುವುದು 20, ಮಾತು ಗುಂಪಿನಲ್ಲಿ 15. ನೂರಕ್ಕೆ 60 ಬಂದರೆ ಪಾಸು. ಮಾದರಿ ಪತ್ರಿಕೆ ಉಚಿತವಾಗಿ ಸಿಗುತ್ತದೆ.

ಕೇಳುವ ಭಾಗದಲ್ಲಿ ಎರಡನೆಯ ಗುಂಪಿನ ಪ್ರಕಟಣೆಗಳನ್ನು ಒಮ್ಮೆ ಮಾತ್ರ ಕೇಳಿಸುತ್ತಾರೆ, ಉಳಿದವನ್ನು ಎರಡು ಸಲ. ಆದ್ದರಿಂದ ಪ್ರಶ್ನೆಯನ್ನು ಮೊದಲೇ ಓದಿ ಅಂಕೆ, ದಿನ, ಜಾಗಕ್ಕೆ ಅಡಿಗೆರೆ ಹಾಕಿಟ್ಟುಕೊಳ್ಳಬೇಕು. ಅಭ್ಯಾಸಕ್ಕೆ ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚೆ ವೆಲೆಯ ಉಚಿತ ಆರಂಭಿಕ ಪಾಠಗಳು ಸಾಕು. ನಿಧಾನ ಸುದ್ದಿಯೂ ಅಲ್ಲಿದೆ, ಆದರೆ ಅದು ಆರಂಭದವರಿಗಲ್ಲ. ಕೇಳಿ ಧೈರ್ಯ ಕಳೆದುಕೊಳ್ಳಬೇಡಿ.

ಬರೆಯುವ ಭಾಗದಲ್ಲಿ ಒಂದು ಫಾರ್ಮ್ ತುಂಬುವುದು, ಸುಮಾರು 30 ಪದದ ಒಂದು ಚಿಕ್ಕ ಪತ್ರ. ಪತ್ರಕ್ಕೆ ಮೂರು ಅಂಶ ಕೊಟ್ಟಿರುತ್ತಾರೆ. ಅಂಶಕ್ಕೆ ಒಂದು ಅಥವಾ ಎರಡು ಸಣ್ಣ ವಾಕ್ಯ, ಅದಕ್ಕಿಂತ ಹೆಚ್ಚಿಗೆ ಹೋಗಬೇಡಿ. ಉದ್ದ ಬರೆದಷ್ಟೂ ತಪ್ಪು. ಮೂರರಲ್ಲಿ ಒಂದಂಶ ಬಿಟ್ಟರೆ ಭಾಷೆ ಎಷ್ಟು ಚಂದವಿದ್ದರೂ ಅಂಕ ಕಡಿತ. ಪರಿಚಿತರಿಗೆ ‘ಲೀಬರ್’ (ಹೆಣ್ಣಾದರೆ ‘ಲೀಬೆ’), ಕಚೇರಿಗೆ ‘ಜೇರ್ ಗೆಏರ್ಟೆ ಡಾಮೆನ್ ಉಂಟ್ ಹೆರೆನ್’. ಸಂಬೋಧನೆಯ ನಂತರ ಅಲ್ಪವಿರಾಮ, ಮುಂದಿನ ಸಾಲು ಸಣ್ಣಕ್ಷರದಿಂದ. ಕೊನೆಗೆ ಪರಿಚಿತರಿಗೆ ‘ಫೀಲೆ ಗ್ರ್ಯೂಸೆ’, ಕಚೇರಿಗೆ ‘ಮಿಟ್ ಫ್ರೊಯ್ಂಟ್‌ಲಿಷೆನ್ ಗ್ರ್ಯೂಸೆನ್’. ಈ ಚೌಕಟ್ಟು ಕಂಠಪಾಠವಿದ್ದರೆ 30ರಲ್ಲಿ ಏಳೆಂಟು ಪದ ಆಗಲೇ ಬಂತು.

ಮಾತಿನ ಭಾಗ ಕಾಸರಗೋಡಿನವರಿಗೆ ಹೇಳಿ ಮಾಡಿಸಿದ್ದು. ಮೊದಲು ಸ್ವಪರಿಚಯ: ಹೆಸರು, ವಯಸ್ಸು, ದೇಶ, ಊರು, ಭಾಷೆಗಳು, ಕೆಲಸ, ಹವ್ಯಾಸ. ‘ಇಷ್ ಶ್ಪ್ರೆಷೆ ಕನ್ನಡ, ತುಳು, ಮಲಯಾಳಮ್ ಉಂಟ್ ಎಂಗ್ಲಿಶ್’ ಎಂದರೆ ಪರೀಕ್ಷಕರು ತಲೆ ಎತ್ತುತ್ತಾರೆ, ಮುಂದಿನ ಪ್ರಶ್ನೆ ಅದರ ಮೇಲೆಯೇ ಬೀಳಬಹುದು. ಮನೆಯಲ್ಲಿ ಯಾವುದು, ಕಾಲೇಜಿನಲ್ಲಿ ಯಾವುದು ಎಂಬ ಎರಡು ವಾಕ್ಯ ಸಿದ್ಧವಿರಲಿ. ಹುಡುಗಿಯರು ‘ಶ್ಟುಡೆಂಟಿನ್’ ಎನ್ನಬೇಕು, ಹುಡುಗರು ‘ಶ್ಟುಡೆಂಟ್’. ಆ ಪದಕ್ಕಿಂತ ಮೊದಲು ‘ಐನ್’ (ಒಬ್ಬ) ಬೇಡ.

ಕೊನೆಗೆ ಚಿತ್ರದ ಕಾರ್ಡ್ ನೋಡಿ ಏನಾದರೂ ಕೇಳಿಕೊಳ್ಳುವುದು. ‘ಕ್ಯೊನೆನ್ ಜೀ ಮಿಯರ್ ಬಿಟೆ ... ಗೇಬೆನ್?’ ಎಂಬ ಒಂದೇ ಅಚ್ಚು ಹೆಚ್ಚಿನ ಕಾರ್ಡಿಗೆ ನಡೆಯುತ್ತದೆ: ನೀವು ನನಗೆ ಇಂಥದ್ದನ್ನು ಕೊಡಬಹುದೇ. ನಮ್ಮ ‘ಕೊಡಿ’ಯಲ್ಲೇ ಮರ್ಯಾದೆ ಸೇರಿಕೊಂಡಿದೆ, ಬೇರೆ ‘ದಯವಿಟ್ಟು’ ಹೇಳಿದರೆ ನಾಟಕದ ಹಾಗೆ ಕೇಳುತ್ತದೆ. ಅಲ್ಲಿ ‘ಬಿಟೆ’ ಬಿಟ್ಟರೆ ಒರಟು. ‘ಜೀ’ ನಮ್ಮ ನೀವು, ‘ಡೂ’ ನೀನು. ಪರೀಕ್ಷಕರಿಗೆ ಎಂದೂ ‘ಡೂ’ ಬೇಡ. ಆದರೆ ಎದುರಿಲ್ಲದ ಮೇಷ್ಟ್ರ ಬಗ್ಗೆ ಹೇಳುವಾಗ ‘ಅವರು’ ಎಂದು ಬಹುವಚನ ಹಾಕುವ ನಮ್ಮ ಕ್ರಮ ಅಲ್ಲಿಲ್ಲ. ಗಂಡಾದರೆ ‘ಏರ್’, ಹೆಣ್ಣಾದರೆ ‘ಜೀ’ (ಇಲ್ಲಿ ‘ಅವಳು’ ಎಂಬರ್ಥ) ಏಕವಚನ. ಮನಸ್ಸು ಒಪ್ಪದಿದ್ದರೂ ಹಾಗೆಯೇ ಬರೆಯಬೇಕು.

ಹಿಂದೆ ಬಿದ್ದವರಿಗೆ ಕೊನೆಯ ಮೂರು ವಾರ

ಎಲ್ಲವನ್ನೂ ಹಿಡಿಯಲು ಹೋಗಬೇಡಿ. ಮೊದಲ ವಾರ ಅಕ್ಷರಗಳ ಹೆಸರು, 1ರಿಂದ 100, ಗಂಟೆ, ಸ್ವಪರಿಚಯ. ಎರಡನೆಯ ವಾರ ವರ್ತಮಾನ ಕಾಲದ ಪ್ರತ್ಯಯ, ಎರಡನೇ ಸೀಟಿನ ನಿಯಮ, ‘ಡೇನ್’. ಮೂರನೆಯ ವಾರ ದಿನಕ್ಕೊಂದು ಪತ್ರ, ಹಳೆಯ ಪ್ರಶ್ನೆಪತ್ರಿಕೆ ಗಡಿಯಾರ ಇಟ್ಟು. ಚತುರ್ಥಿಯಲ್ಲಿ ‘ಮಿಟ್ ಡೇಮ್’ ಮತ್ತು ‘ಇಮ್’ ಬಂದರೆ ಸಾಕು. ಭೂತಕಾಲಕ್ಕೆ ದಿನನಿತ್ಯದ ಹತ್ತು ಕ್ರಿಯಾಪದ ಮಾತ್ರ.

ಅಸೈನ್‌ಮೆಂಟನ್ನು ಕನ್ನಡದಲ್ಲಿ ಬರೆದು ಅನುವಾದ ಆಪ್‌ಗೆ ಕೊಡುವ ಚಾಳಿ ಬೇಡ. ನೀವು ಎಂದದ್ದು ನೀನು ಆಗಬಹುದು, ಇನ್ನೂ ಪಾಠವಾಗದ ಕ್ರಿಯಾರೂಪ ನುಸುಳುತ್ತದೆ. ಎ1 ತರಗತಿಯಲ್ಲಿ ಬಿ2 ವಾಕ್ಯ ಕಂಡ ಅಧ್ಯಾಪಕರಿಗೆ ಎರಡನೇ ಸಾಲಿಗೇ ಗೊತ್ತಾಗುತ್ತದೆ. ಆಪ್ ಬಳಸಬೇಕಾದದ್ದು ತಿರುಗಿ: ನೀವು ಬರೆದ ಜರ್ಮನ್ನನ್ನು ಕೊಟ್ಟು, ಬರುವ ಅರ್ಥ ನೀವು ಹೇಳಬೇಕೆಂದದ್ದೇ ಎಂದು ನೋಡುವುದಕ್ಕೆ.

ತರಗತಿಯಲ್ಲಿ ವಿವರಣೆ ಇಂಗ್ಲಿಷಿನಿಂದ ಮಲಯಾಳಕ್ಕೆ ಜಾರಿ ನಿಮಗೆ ಎರಡೂ ತಪ್ಪಿಹೋದರೆ, ನಿಯಮವನ್ನು ಬೋರ್ಡಿನಲ್ಲಿ ಒಂದು ಉದಾಹರಣೆ ಸಮೇತ ಬರೆಯಲು ಕೇಳಿ. ‘ಅರ್ಥವಾಗಲಿಲ್ಲ’ ಎಂದರೆ ಅದೇ ವಿವರಣೆ ಮತ್ತೆ ಬರುತ್ತದೆ. ‘ಇಲ್ಲಿ ಡೇನ್ ಯಾಕೆ, ಡೇಮ್ ಯಾಕಲ್ಲ’ ಎಂದು ಕೇಳಿದರೆ ಉತ್ತರ ಸಿಗುತ್ತದೆ. ಅದನ್ನು ಮನೆಗೆ ಬಂದು ಕನ್ನಡದ ಎಲ್ಲಿ, ಎಲ್ಲಿಗೆ ಹಾಕಿ ಬಿಡಿಸಿಕೊಳ್ಳಿ.

ನಿಮ್ಮ ಪಾಲಿಗೆ ಬಂದದ್ದು ಜಪಾನಿ ಭಾಷೆಯಾದರೆ ವಾಕ್ಯದ ಕ್ರಮ ಪೂರ್ತಿ ಕನ್ನಡದ್ದೇ, ಪ್ರತ್ಯಯವೂ ಪದದ ಕೊನೆಗೇ ಬರುತ್ತದೆ. ಹೊರೆ ಇರುವುದು ಲಿಪಿಯಲ್ಲಿ, ಮೊದಲ ತಿಂಗಳನ್ನು ಅದಕ್ಕೇ ಕೊಡಿ. ಫ್ರೆಂಚ್ ಆದರೆ ಪದದ ಕೊನೆಯ ವ್ಯಂಜನ ಹೆಚ್ಚಾಗಿ ಮೌನ, ಲಿಂಗ ಎರಡೇ, ಮೂಗಿನಿಂದ ಹೊರಡುವ ಸ್ವರಗಳು ಬೇರೆ. ಆ ಸ್ವರಕ್ಕೆ ಕೊಂಕಣಿ ಮನೆಯ ಗೆಳೆಯರನ್ನು ಹಿಡಿಯಿರಿ.